ಕೋಟು ಬಂದರೆ ಕಾಫಿ ಬರಲ್ಲ

ಹಾನುಬಾಳು
೧೦ ಜನವರಿ ೧೯೯೯

ಮಗಳೇ ಶಿವಲೀಲಾ,

ಸಂಕ್ರಾಂತಿಗೆ ಎಳ್ಳು ಬೆಲ್ಲ ಕಳಿಸುವಾಗ ಬರೆದರಾಯಿತು ಎಂದುಕೊಂಡಿದ್ದೆ. ಆದರೆ ಈ ಸುದ್ದಿ ಹೊಟ್ಟೆಯಲ್ಲಿ ಇಟ್ಟುಕೊಂಡರೆ ನನಗೆ ಅನ್ನ ಇಳಿಯುವುದಿಲ್ಲ. ಫೋನು ಮಾಡೋಣವೆಂದರೆ ಅದು ನಡುಮನೆಯಲ್ಲಿದೆ, ಅದರ ಪಕ್ಕದಲ್ಲೇ ನಿಮ್ಮಪ್ಪನ ಕುರ್ಚಿ.

ಹೋದ ತಿಂಗಳು ಸಕಲೇಶಪುರದಲ್ಲಿ ಬೆಳೆಗಾರರ ಸಭೆಗೆ ನಾರ್ವೆ ದೇಶದಿಂದ ಒಬ್ಬ ಹೆಂಗಸು ಬಂದಿದ್ದಳು. ಇಂಗ್ರಿಡ್ ಅಂತ ಹೆಸರು. ಕಾಫಿ ಕೊಳ್ಳುವುದೇ ಅವಳ ವ್ಯಾಪಾರ. ಎಲ್ಲರ ಕಾಫಿಯನ್ನೂ ಒಂದೊಂದು ಚಮಚ ಸೊರ್ ಎಂದು ಎಳೆದು ರುಚಿ ನೋಡಿ ಉಗಿದಳಂತೆ. ನಿಮ್ಮಪ್ಪನ ಕಾಫಿ ಮಾತ್ರ ನುಂಗಿದಳಂತೆ. ಇದು ಕುಮಾರ ಹೇಳಿದ್ದು. ನಿನ್ನ ತಮ್ಮನ ಮಾತಿನಲ್ಲಿ ಅರ್ಧ ಕಳೆದರೂ ಉಳಿದರ್ಧ ನಿಜವಿರಬೇಕು, ಯಾಕೆಂದರೆ ಮೊನ್ನೆ ಕಾರ್ಡು ಬಂತು. ಮೂವರು ಬೆಳೆಗಾರರನ್ನು ಫೆಬ್ರವರಿ ೨೭ರ ಶನಿವಾರ ಬೆಂಗಳೂರಿಗೆ ಊಟಕ್ಕೆ ಕರೆದಿದ್ದಾಳೆ. ಮೂವರೂ ತಮ್ಮ ಮನೆಯಲ್ಲಿ ಹುರಿದ ಕಾಫಿ ತರಬೇಕು. ಊಟದ ಮೇಲೆ ಅದನ್ನು ಕುಡಿದು ಒಬ್ಬರನ್ನು ಆರಿಸುತ್ತಾಳಂತೆ. ಆ ಒಬ್ಬರ ಕಾಫಿ ಅವರದೇ ಹೆಸರಿನ ಚೀಲದಲ್ಲಿ ಹಡಗು ಹತ್ತುತ್ತದೆ.

ನಿನ್ನ ತಾತನ ಕಾಲದಿಂದ ನಮ್ಮ ಕಾಫಿ ಪೇಟೆಯ ಗೋಡೌನಿನಲ್ಲಿ ಹತ್ತೂರಿನ ಕಾಫಿಯ ಜೊತೆ ಬೆರೆತು, ಹೆಸರಿಲ್ಲದೆ ಹೋಗಿದೆ. ಒಂದು ಚೀಲದ ಮೇಲಾದರೂ ನಮ್ಮ ಹೆಸರು ನೋಡಿ ಸಾಯಬೇಕು ಎನ್ನುವುದು ನಿಮ್ಮಪ್ಪನ ಹಳೆಯ ಆಸೆ, ನಿನಗೆ ಗೊತ್ತು.

ಊಟ ಎಲ್ಲಿ ಗೊತ್ತೇ? ನೀನು ಕೆಲಸ ಮಾಡುವ ಹೋಟೆಲಿನಲ್ಲಿ. ಅದೇ ಸ್ಟೀಕ್‌ಹೌಸಿನಲ್ಲಿ.

ನಿಮ್ಮಪ್ಪ ಕಾರ್ಡು ಓದಿ ಕನ್ನಡಕ ತೆಗೆದಿಟ್ಟು ಒಂದು ಚೊಂಬು ನೀರು ಕುಡಿದರು. "ಮಾಂಸ ಸುಡೋ ಜಾಗದಲ್ಲಿ ಬಾಗ್ಲು ಕಾಯೋ ಕೆಲ್ಸ ಬಿಡೋವರೆಗೂ ಈ ಹೊಸ್ತಿಲು ತುಳಿಬ್ಯಾಡ" ಎಂದು ನಿನಗೆ ಹೇಳಿ ನಾಲ್ಕು ವರ್ಷವಾಯಿತು. ಈಗ ಆ ಬಾಗಿಲಿಗೆ ಇವರೇ ಹೋಗಬೇಕು. ನಾನು ಸುಮ್ಮನಿರಲಾರದೆ, "ಕೊರಳಲ್ಲಿ ಲಿಂಗ ಇಟ್ಕೊಂಡು ಅಲ್ಲಿಗೆ ಹೋಗ್ಬಹುದಾ?" ಎಂದೆ. "ಲಿಂಗ ನನ್ನ ಎದೆ ಮೇಲೈತೆ ಕಣೇ. ಅವ್ರ ತಟ್ಟೇಲಿ ಏನೈತೆ ಅಂತ ನಂಗ್ಯಾಕೆ?" ಎಂದರು. ಅವತ್ತು ನೀನು ಅವರಿಗೆ ಹೇಳಿದ್ದೂ ಇದೇ ಮಾತು. ನಾನು ನೆನಪಿಸಲಿಲ್ಲ. ಅವರಿಗೇ ನೆನಪಾಗಿರಬೇಕು, ಎದ್ದು ಕಣದಲ್ಲಿ ಕಾಫಿ ಹರವಿದ್ದ ಕಡೆ ಹೋದರು.

ಅಲ್ಲಿಗೆ ಏನು ಉಟ್ಟುಕೊಂಡು ಬರಬೇಕು, ಬರೆ. ನಿಮ್ಮಪ್ಪ ಕೇಳು ಎಂದು ಹೇಳಿಲ್ಲ. ನಾನು ಕಾಗದ ತೆಗೆದಾಗ "ಪೆನ್ನಲ್ಲಿ ಇಂಕು ಐತಾ?" ಎಂದರು, ಅಷ್ಟೇ.

ನಿನ್ನ ಅವ್ವ,
ನಾಗರತ್ನಮ್ಮ


ಬೆಂಗಳೂರು
೧೯ ಜನವರಿ ೧೯೯೯

ಅವ್ವಾ,

ನಿನ್ನ ಕಾಗದವನ್ನು ಬಟ್ಟೆ ಬದಲಿಸುವ ಕೋಣೆಯಲ್ಲಿ ನಿಂತೇ ಓದಿದೆ. ಓದಿ ಮುಗಿಸಿ, ಅಲ್ಲಿದ್ದ ಸ್ಟೂಲಿನ ಮೇಲೆ ಕೂತು ಇನ್ನೊಂದು ಸಲ ಓದಿದೆ.

ನನ್ನ ಕೆಲಸ ಏನೆಂದು ನೀನು ಯಾವತ್ತೂ ಕೇಳಿಲ್ಲ, ನಾನೂ ಬರೆದಿಲ್ಲ. ಈಗ ಬರೆಯುತ್ತೇನೆ. ದೊಡ್ಡ ಮರದ ಬಾಗಿಲು, ಅದರ ಒಳಗೆ ನಾನು. ಬಂದವರ ಹೆಸರು ಕೇಳಿ, ಅವರಿಗೆಂದು ಇಟ್ಟ ಮೇಜಿಗೆ ಕರೆದುಕೊಂಡು ಹೋಗಿ ಕೂರಿಸುತ್ತೇನೆ. ಒಳಗೆ ಕೆಂಡದ ಮೇಲೆ ದಪ್ಪ ದಪ್ಪ ಮಾಂಸದ ತುಂಡುಗಳನ್ನು ಸುಟ್ಟು ಕೊಡುತ್ತಾರೆ. ಅದನ್ನು ನಾನು ಮುಟ್ಟಿಲ್ಲ, ತಿಂದಿಲ್ಲ. ನನ್ನ ಡಬ್ಬಿಯಲ್ಲಿ ಇವತ್ತಿಗೂ ರೊಟ್ಟಿ ಪಲ್ಯ. ನಮ್ಮ ಮ್ಯಾನೇಜರ್ ಫರ್ನಾಂಡಿಸ್ ಸಾಹೇಬರು ಆಗಾಗ ನನ್ನ ಚಟ್ನಿಪುಡಿ ಕೇಳಿ ಹಾಕಿಸಿಕೊಳ್ಳುತ್ತಾರೆ.

ಉಡುಪಿನ ವಿಷಯಕ್ಕೆ ಇಲ್ಲಿ ಕಟ್ಟುನಿಟ್ಟು ಜಾಸ್ತಿ. ಗಂಡಸರಿಗೆ ಪ್ಯಾಂಟು, ಕಾಲರಿನ ಅಂಗಿ, ಶೂ. ಕೋಟಿದ್ದರೆ ಇನ್ನೂ ಒಳ್ಳೆಯದು. ಪಂಚೆ, ಚಪ್ಪಲಿ ಹಾಕಿದವರನ್ನು ಒಳಗೆ ಬಿಡುವುದಿಲ್ಲ. ಇಲ್ಲ ಎಂದು ಹೇಳಬೇಕಾದವಳು ನಾನೇ. ಹೋದ ದೀಪಾವಳಿಗೆ ಹಿರಿಯರೊಬ್ಬರು ರೇಷ್ಮೆ ಪಂಚೆ ಉಟ್ಟು ಬಂದಿದ್ದರು, ನಗುನಗುತ್ತಲೇ ವಾಪಸ್ ಕಳಿಸಿದೆ. ನಗುವುದೂ ಕೆಲಸದಲ್ಲೇ ಸೇರಿದೆ.

ಅಪ್ಪ ಪಂಚೆ ಬಿಟ್ಟು ಬೇರೆ ಉಟ್ಟಿದ್ದು ನಾನು ನೋಡಿದ್ದು ನಿಮ್ಮ ಮದುವೆಯ ಫೋಟೋದಲ್ಲಿ ಮಾತ್ರ. ಆ ಕೋಟು ಪ್ಯಾಂಟು ಇನ್ನೂ ಟ್ರಂಕಿನಲ್ಲಿದೆಯೇ? ಇದ್ದರೆ ಟೈಲರ್ ತೋಟಪ್ಪನವರ ಹತ್ತಿರ ಹೊಲಿಗೆ ಬಿಚ್ಚಿಸಿ ಸರಿಮಾಡಿಸು. ಊಟದ ಬಗ್ಗೆ ಹೆದರಬೇಡ, ಅಪ್ಪನ ತಟ್ಟೆಗೆ ಏನು ಬರುತ್ತದೆ ಎಂದು ನಾನೇ ನಿಂತು ನೋಡಿಕೊಳ್ಳುತ್ತೇನೆ.

ಇದನ್ನು ಅಪ್ಪನಿಗೆ ಹೇಳು. ಬೇಡ, ಅವರಿಗೆ ಕೇಳಿಸುವ ಹಾಗೆ ಕುಮಾರನಿಗೆ ಓದಿ ಹೇಳು.

ಇಂತಿ ನಿನ್ನ,
ಶಿವಲೀಲಾ


ಹಾನುಬಾಳು
೩ ಫೆಬ್ರವರಿ ೧೯೯೯

ಮಗಳೇ,

ಕೋಟು ಇತ್ತು. ನಾನು ಇಟ್ಟ ವಸ್ತು ಎಲ್ಲಿಗೆ ಹೋಗುತ್ತದೆ? ಇಪ್ಪತ್ತಾರು ವರ್ಷ ನುಸಿಗುಳಿಗೆ ಹಾಕಿ ಹಾಕಿ ಕಾಪಾಡಿದ್ದೇನೆ. ಒಂದು ನುಸಿಯೂ ಮುಟ್ಟಿಲ್ಲ, ಮುಟ್ಟುವ ಧೈರ್ಯವೂ ಅದಕ್ಕಿರಲಿಲ್ಲ. ಟ್ರಂಕು ತೆಗೆದ ಕೂಡಲೇ ಕುಮಾರ ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡಿದ.

ತೋಟಪ್ಪ ಎರಡೆರಡು ಸಲ ಅಳತೆ ತೆಗೆದ. "ಯಜಮಾನ್ರೇ, ಕೋಟು ಹಂಗೇ ಐತೆ, ನೀವು ಬೆಳ್ದುಬುಟ್ಟಿದೀರ" ಎಂದ. ಎರಡು ಕಡೆ ಪಟ್ಟಿ ಕೊಟ್ಟು ಹೊಲಿದ. ಶೂ ಪೇಟೆಯಲ್ಲಿ ಹೊಸದು ತಂದದ್ದಾಯಿತು. ದಿನಾ ಬೆಳಿಗ್ಗೆ ಅದನ್ನು ಹಾಕಿಕೊಂಡು ಕಣದ ಸುತ್ತ ನಡೆದು ಅಭ್ಯಾಸ ಮಾಡುತ್ತಾರೆ. ನಮ್ಮ ನಾಯಿ ಮೊದಲ ದಿನ ಬೊಗಳಿತು. ಆಳುಗಳ ಲೈನುಮನೆಯ ಚಿನ್ನಮ್ಮ ಕಾಫಿ ಹರವುತ್ತಿದ್ದವಳು ಕೋಲು ಬಿಟ್ಟು, "ಅಯ್ಯೋರೇ, ಪೊಲೀಸ್ ಕೆಲ್ಸ ಸಿಕ್ತಾ?" ಎಂದು ಕೇಳಿದಳು. ಅವರು ಇನ್ನೊಂದು ಸುತ್ತು ಹೊಡೆದರು. ಕಾಲಲ್ಲಿ ಬೊಬ್ಬೆ ಬಂದಿದೆ, ಅದನ್ನು ಹೇಳುವುದಿಲ್ಲ. ನಾನು ಮಲಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾರೆ.

ಇನ್ನೊಂದು ವಿಷಯ ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ತೋಟಪ್ಪನ ಅಂಗಡಿಗೆ ಆನೇಮಹಲ್‌ನ ಮಹಾದೇವಯ್ಯ ಬಂದಿದ್ದರಂತೆ. ನಿನ್ನ ಕೆಲಸ ಯಾವುದೆಂದು ಗೊತ್ತಾದ ದಿನವೇ, ತಮ್ಮ ಮಗನಿಗೆ ನಿನ್ನನ್ನು ಕೇಳಿದ್ದ ಸಂಬಂಧ ಮುರಿದುಕೊಂಡು ಹೋದರಲ್ಲ, ಅವರೇ. ನಾಲ್ಕು ಜನರ ಮುಂದೆ, "ಏನ್ ಏಕಾಂತಯ್ನೋರೇ, ಮಗ್ಳು ನಿಲ್ಲೋ ಬಾಗ್ಲಿಗೆ ಅಪ್ಪನೂ ಹೊಂಟ್ರಾ?" ಎಂದರಂತೆ. ನಾಲ್ಕು ವರ್ಷದ ಹಿಂದೆ ಇಂಥದೇ ಮಾತಿಗೆ ನಿಮ್ಮಪ್ಪ ತಲೆ ತಗ್ಗಿಸಿ ಬಂದು ಆ ಸಿಟ್ಟನ್ನೆಲ್ಲ ನಿನ್ನ ಮೇಲೆ ಸುರಿದಿದ್ದರು. ಈ ಸಲ "ಹೂಂ, ಹೊಂಟಿವ್ನಿ" ಎಂದರಂತೆ. ಅಷ್ಟು ಹೇಳಿ ಮತ್ತೆ ತೋಟಪ್ಪನಿಗೆ ತೋಳು ಚಾಚಿ ನಿಂತರಂತೆ.

ನಿನ್ನ ಅವ್ವ


ಬೆಂಗಳೂರು
೧೧ ಫೆಬ್ರವರಿ ೧೯೯೯

ಅವ್ವಾ,

ನಾಯಿ ಬೊಗಳಿದ್ದನ್ನು ಓದಿ ನಕ್ಕೆ. ಕೊಬ್ಬರಿ ಎಣ್ಣೆಯ ಮಾತು ಬಂದಾಗ ನಗು ನಿಂತಿತು.

ಚಾಕು, ಫೋರ್ಕು ಎಂದು ತಲೆ ಕೆಡಿಸಿಕೊಳ್ಳಬೇಡಿ. ಕೈಯಲ್ಲಿ ತಿಂದರೆ ಯಾರೂ ಏನೂ ಅನ್ನುವುದಿಲ್ಲ. ಸೂಪು, ಬ್ರೆಡ್ಡು, ಬೆಣ್ಣೆ ಹಾಕಿ ಸುಟ್ಟ ಆಲೂಗಡ್ಡೆ ಬರುತ್ತದೆ. ಬೇರೆ ಬಾಣಲೆಯಲ್ಲಿ ಮಾಡಲು ಅಡುಗೆಯವರಿಗೆ ಹೇಳಿದ್ದೇನೆ.

ಈಗ ಒಂದು ಮಾತು ಕೇಳಬೇಕು. ಆ ರಾತ್ರಿ ಬಾಗಿಲಲ್ಲಿ ಇರುವವಳು ನಾನು. ಕಪ್ಪು ಕೋಟು, ಕಪ್ಪು ಪ್ಯಾಂಟು ಹಾಕಿಕೊಂಡು, ಕೂದಲು ಎತ್ತಿ ಕಟ್ಟಿಕೊಂಡು ನಿಂತಿರುತ್ತೇನೆ. ಯಾವ ಕೆಲಸದ ಕಾರಣಕ್ಕೆ ನನ್ನನ್ನು ಮನೆಯಿಂದ ದೂರ ಇಟ್ಟರೋ ಆ ಕೆಲಸದ ವೇಷದಲ್ಲೇ ಅಪ್ಪ ನನ್ನನ್ನು ಮೊದಲು ನೋಡಬೇಕು. ಅವರಿಗೆ ಅವತ್ತು ಬೇರೆ ದೊಡ್ಡ ಕೆಲಸವಿದೆ. ನನ್ನನ್ನು ನೋಡಿ ಮನಸ್ಸು ಕೆಟ್ಟರೆ ಕಾಫಿಯ ಮಾತು ಹೇಗೆ ಆಡುತ್ತಾರೆ? ನಾನು ರಜೆ ಹಾಕಲೇ? ಅಪ್ಪನನ್ನು ಕೇಳಿ ಬರೆ. ಏನು ಹೇಳಿದರೂ ನನಗೆ ಬೇಜಾರಿಲ್ಲ ಎಂದು ಬರೆಯಬಹುದಿತ್ತು, ಆದರೆ ಅದು ಸುಳ್ಳು.

ಶಿವಲೀಲಾ


ಹಾನುಬಾಳು
೨೬ ಫೆಬ್ರವರಿ ೧೯೯೯

ಮಗಳೇ,

ಶಿವರಾತ್ರಿ ಮುಗಿದ ಮೇಲೆ ಬರೆಯೋಣವೆಂದು ತಡಮಾಡಿದೆ. ಈಗ ಅಂಚೆಗೆ ಹಾಕಿದರೆ ಕಾಗದಕ್ಕಿಂತ ಮುಂಚೆ ನಿಮ್ಮಪ್ಪನೇ ಬಂದುಬಿಡುತ್ತಾರೆ. ಅದಕ್ಕೆ ಅವರ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ಓದಬೇಡಿ ಎಂದಿದ್ದೇನೆ. ಹಾಸನ ದಾಟುವಷ್ಟರಲ್ಲಿ ಓದಿರುತ್ತಾರೆ.

ಕೋಟಿನ ಕಥೆ ಕೇಳು. ಕಾಫಿ ಬೀಜ ಪಕ್ಕದಲ್ಲಿ ಏನಿಟ್ಟರೂ ಅದರ ವಾಸನೆ ಹೀರಿಕೊಳ್ಳುತ್ತದೆ ಎಂದು ನಮ್ಮ ಮನೆಯಲ್ಲಿ ಮಗುವಿಗೂ ಗೊತ್ತು. ಕಾಫಿ ಮೂಟೆ ಇಡುವ ಸ್ಟೋರಿನ ಹತ್ತಿರ ಸೀಮೆಎಣ್ಣೆ ಡಬ್ಬ ಇಟ್ಟ ಎಂದು ನಿಮ್ಮಪ್ಪ ಒಬ್ಬ ಆಳನ್ನು ಗೇಟಿನವರೆಗೆ ಅಟ್ಟಿಸಿಕೊಂಡು ಹೋಗಿದ್ದು ಮರೆತಿಲ್ಲ ತಾನೇ? ಅಂಥವರು, ನುಸಿಗುಳಿಗೆ ವಾಸನೆ ಹೋಗಲಿ ಎಂದು, ಗಾಳಿ ಚೆನ್ನಾಗಿ ಆಡುತ್ತದೆ ಎಂದು, ಆ ಕೋಟು ಪ್ಯಾಂಟನ್ನು ತೆಗೆದುಕೊಂಡು ಹೋಗಿ ಸ್ಟೋರಿನೊಳಗೆ ನೇತುಹಾಕಿದ್ದಾರೆ. ಅದೂ ಎಲ್ಲಿ? ಬೆಂಗಳೂರಿಗೆಂದು ಆರಿಸಿ ಇಟ್ಟಿದ್ದ ಮೂಟೆಯ ನೆತ್ತಿಯ ಮೇಲೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ನಿನ್ನೆ ಆ ಮೂಟೆಯ ಬೀಜ ಹುರಿದು ಕಾಫಿ ಮಾಡಿಕೊಟ್ಟೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ನಾನೂ ಕುಡಿದೆ. ನಮ್ಮ ಮದುವೆಯ ಟ್ರಂಕನ್ನೇ ಕುದಿಸಿ ಕುಡಿದ ಹಾಗಿತ್ತು. ನಗು ತಡೆಯಲಾಗಲಿಲ್ಲ. ಆದರೆ ಅವರ ಮುಖ ನೋಡಿ ಸೆರಗು ಬಾಯಿಗೆ ಒತ್ತಿಕೊಂಡೆ. ನನ್ನ ಹಟಕ್ಕೆ ಅಟ್ಟದ ಮೇಲೆ ಮನೆ ಖರ್ಚಿಗೆಂದು ಎತ್ತಿಟ್ಟಿದ್ದ ಅರ್ಧ ಮೂಟೆ ಇತ್ತು, ಅದೇ ತೋಟದ್ದು, ಅದೇ ಕೊಯ್ಲಿನದು. ಇಳಿಸಿ ಹುರಿದೆವು. ಘಮ್ ಎಂದಿತು. ಆಗ ಉಸಿರು ಬಿಟ್ಟರು.

ಆಮೇಲೆ ಕೋಟನ್ನು ಒಂದು ಕೈಯಲ್ಲಿ, ಕಾಫಿ ಡಬ್ಬಿಯನ್ನು ಒಂದು ಕೈಯಲ್ಲಿ ಹಿಡಿದು ನಡುಮನೆಯಲ್ಲಿ ನಿಂತರು. "ಇದು ಬಂದ್ರೆ ಅದು ಬರಲ್ಲ. ಕೋಟು ಹಾಕ್ಕೊಂಡು ಡಬ್ಬಿ ತೊಡೆ ಮೇಲಿಟ್ಕಂಡ್ರೆ ಬೆಂಗ್ಳೂರು ಮುಟ್ಟೋ ಹೊತ್ಗೆ ಇದೂ ಹಾಳು" ಎಂದರು. ಕುಮಾರನ ಪ್ಯಾಂಟು ಹಾಕಿ ನೋಡಿದ್ದಾಯಿತು, ಮೊಣಕಾಲ ಮೇಲೆ ಹತ್ತಲಿಲ್ಲ. ಶೂಗಳಿಗೆ ಪಾಲಿಶ್ ವಾಸನೆ ಎಂದು ಅವನ್ನೂ ಬಿಟ್ಟರು. ನಾನು ಬಾವಿಯ ನೀರಿನಲ್ಲಿ ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡಿದ ಪಂಚೆ, ಬಿಳಿ ಅಂಗಿ, ಶಲ್ಯ. ಅದೇ ಉಟ್ಟು ಬರುತ್ತಿದ್ದಾರೆ. ನಿನಗೆ ಫೋನು ಮಾಡಿ ಹೇಳೋಣ ಎಂದ ಕುಮಾರ. "ಬ್ಯಾಡ. ಹೇಳಿದ್ರೆ ಅವ್ಳಿಗೆ ಎಲ್ಡು ದಿನ ನಿದ್ದೆ ಇರಲ್ಲ" ಎಂದರು.

ಒಳಗೆ ಬಿಡದಿದ್ದರೆ ವಾಪಸ್ ಬರುತ್ತಾರೆ. ತಾತನ ಕಾಲದಿಂದ ಕಾದದ್ದು ಇನ್ನೂ ಕಾಯುತ್ತದೆ, ಅಷ್ಟೇ.

ರಜೆಯ ವಿಷಯ ಕೇಳಿದೆ. ಹಣೆಗೆ ವಿಭೂತಿ ಇಟ್ಟುಕೊಳ್ಳುತ್ತಿದ್ದವರು ಕೈ ನಿಲ್ಲಿಸಿದರು. "ಅವ್ಳು ರಜೆ ಹಾಕಿದ್ರೆ ನಂಗೆ ಬಾಗ್ಲು ಯಾರು ತೆಗೀತಾರೆ?" ಎಂದರು.

ನಿನ್ನ ಅವ್ವ


ಬೆಂಗಳೂರು
೧ ಮಾರ್ಚ್ ೧೯೯೯

ಅವ್ವಾ,

ಅಪ್ಪ ಬಂದು ಅರ್ಧಂಬರ್ಧ ಹೇಳಿರುತ್ತಾರೆ. ಪೂರ್ತಿ ನಾನು ಹೇಳುತ್ತೇನೆ, ಕೂತುಕೊಂಡು ಓದು.

ನಿನ್ನ ಉತ್ತರ ಬರಲಿಲ್ಲ, ರಜೆ ಹಾಕಲು ಕೈಯೂ ಬರಲಿಲ್ಲ. ಶನಿವಾರ ಸಂಜೆ ಬಾಗಿಲಲ್ಲಿ ನಿಂತು ಬರುವ ಪ್ರತಿಯೊಂದು ಕೋಟಿನ ಮೇಲೂ ಅಪ್ಪನ ಮುಖ ಹುಡುಕುತ್ತಿದ್ದೆ. ಇನ್ನಿಬ್ಬರು ಬೆಳೆಗಾರರು ಬಂದು ಕೂತಿದ್ದರು. ಅಷ್ಟರಲ್ಲಿ ಹೊರಗಿನ ಗಾರ್ಡು ಯಾರನ್ನೋ ತಡೆಯುವ ದನಿ ಕೇಳಿತು. ಬಾಗಿಲು ತೆಗೆದೆ. ಬೆಳ್ಳಗಿನ ಪಂಚೆ, ಹಣೆ ತುಂಬ ವಿಭೂತಿ, ಕಂಕುಳಲ್ಲಿ ಡಬ್ಬಿ. ಮನೆಗೆ ಬಂದವರ ಹಾಗೆ ಚಪ್ಪಲಿಯನ್ನು ಹೂಕುಂಡದ ಪಕ್ಕ ಜೋಡಿಸಿಟ್ಟು ಬರಿಗಾಲಲ್ಲಿ ನಿಂತಿದ್ದರು. ಅಪ್ಪನ ಕೂದಲು ಇಷ್ಟು ಬೆಳ್ಳಗಾಗಿದೆ ಎಂದು ನೀನು ಒಂದು ಕಾಗದದಲ್ಲೂ ಬರೆದಿಲ್ಲ.

ನನ್ನನ್ನು ಕೂದಲಿನಿಂದ ಶೂವರೆಗೆ ನೋಡಿದರು. "ಚೆನ್ನಾಗಿದಿಯೇನವ್ವ?" ಎಂದರು.

ನಾನು ಉತ್ತರ ಕೊಡುವ ಮೊದಲೇ ಹಿಂದಿನಿಂದ ಫರ್ನಾಂಡಿಸ್ ಸಾಹೇಬರು ಬಂದರು. "ಪಂಚೆ, ಚಪ್ಪಲಿ ಒಳಗಿಲ್ಲ. ನಿಮಗೆ ಗೊತ್ತಲ್ಲ ಶಿವಲೀಲಾ" ಎಂದರು. "ಚಪ್ಪಲಿ ಇವರು ಹಾಕಿಕೊಂಡಿಲ್ಲ ಸರ್" ಎಂದೆ. ಅವರಿಗೆ ನಗು ಬರಲಿಲ್ಲ. ಆಗ ಹೇಳಿದೆ, ಈ ಕಟ್ಟಡದಲ್ಲಿ ಮೊದಲ ಸಲ: "ಇವರು ನಮ್ಮ ತಂದೆ. ಇವತ್ತಿನ ಅತಿಥಿ. ಇವರನ್ನು ವಾಪಸ್ ಕಳಿಸುವ ಮಾತು ನನ್ನ ಬಾಯಿಂದ ಬರುವುದಿಲ್ಲ. ಇವರು ಹೋಗುವುದಾದರೆ ನಾನೂ ಹೋಗುತ್ತೇನೆ."

ಅವ್ವಾ, ಆಗ ಅಪ್ಪ ಏನು ಮಾಡಿದರು ಗೊತ್ತೇ? ಡಬ್ಬಿಯನ್ನು ನನ್ನ ಕೈಗಿಟ್ಟು ಸಾಹೇಬರಿಗೆ ಕೈ ಮುಗಿದರು. "ಸ್ವಾಮಿ, ಅವ್ಳ ಮಾತು ಕಿವಿಗೆ ಹಾಕ್ಕೋಬ್ಯಾಡಿ. ನಾಲ್ಕು ವರ್ಷದಿಂದ ಮರ್ಯಾದೆಲಿ ನಿಂತಿರೋ ಬಾಗ್ಲು ಇದು. ನಂಗೋಸ್ಕರ ಅವ್ಳ ಕೆಲ್ಸ ಹೋಗ್ಬಾರ್ದು. ಕಾಫಿ ಒಳಿಕ್ಕೆ ಹೋಗ್ಲಿ, ನಾನು ಹೊರ್ಗಡೆ ಕಲ್ಲಿನ ಮೇಲೆ ಕುಂತಿರ್ತಿನಿ" ಎಂದರು. ಈ ಕೆಲಸ ಬಿಡು ಎಂದು ಹೊಸ್ತಿಲು ಅಡ್ಡ ಹಾಕಿದ ನಮ್ಮಪ್ಪ ಹಾಗೆಂದರು.

ಸಾಹೇಬರು ನನ್ನ ಕಡೆ ನೋಡಿದರು, ಅಪ್ಪನ ಕಡೆ ನೋಡಿದರು. "ಚಟ್ನಿಪುಡಿ ಬರೋದು ಇವರ ಮನೆಯಿಂದಲಾ?" ಎಂದರು. ಹೌದು ಎಂದೆ. "ಹಾಗಾದರೆ ಬಾಗಿಲಲ್ಲಿ ಯಾಕೆ ನಿಲ್ಲಿಸಿದ್ದೀರಿ, ಕರೆದುಕೊಂಡು ಹೋಗಿ ಕೂರಿಸಿ" ಎಂದು ತಾವೇ ಬಾಗಿಲು ಹಿಡಿದು ನಿಂತರು.

ಅಷ್ಟು ಜನ ತಿನ್ನುವುದು ಬಿಟ್ಟು ನೋಡುತ್ತಿದ್ದರು. ಅಪ್ಪ ನನ್ನ ಹಿಂದೆ ಅಲ್ಲ, ನನ್ನ ಪಕ್ಕದಲ್ಲಿ ನಡೆದರು.

ಅಪ್ಪನ ಕನ್ನಡವನ್ನು ಇಂಗ್ಲಿಷಿನಲ್ಲಿ ಹೇಳುವವರು ಬೇಕಾಗಿತ್ತು, ಇಂಗ್ರಿಡ್ ನನ್ನನ್ನೇ ನಿಲ್ಲಿಸಿಕೊಂಡಳು. ಪಂಚೆ ಯಾಕೆ, ಬರಿಗಾಲು ಯಾಕೆ ಎಂದು ಕೇಳಿದಳು. ಅಪ್ಪ ನುಸಿಗುಳಿಗೆಯ ಕಥೆಯನ್ನು ಒಂದು ಚೂರೂ ಮುಚ್ಚದೆ ಹೇಳಿದರು. ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಾ ಹೇಳುತ್ತಾ ನನಗೂ ಆಗಲೇ ಗೊತ್ತಾದದ್ದು. ಅವಳು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ತಾನೂ ಈ ಕೆಲಸಕ್ಕೆ ಬಂದ ಮೇಲೆ ಸೆಂಟು ಮುಟ್ಟಿಲ್ಲ ಎಂದಳು. ಇನ್ನೊಬ್ಬ ಬೆಳೆಗಾರರು, ಆಲೂರಿನ ಕಡೆಯ ದೊಡ್ಡ ಎಸ್ಟೇಟಿನ ರವಿಚಂದ್ರ ಅವರು, ಒಳ್ಳೆಯ ಸೂಟು ಹಾಕಿ ಸೆಂಟು ಪೂಸಿಕೊಂಡು ಬಂದಿದ್ದರು. ಅವರ ಪಕ್ಕದಲ್ಲಿದ್ದ ಅವಳು ಕ್ಷಮೆ ಕೇಳಿ ಕುರ್ಚಿ ಎತ್ತಿಕೊಂಡು ಅಪ್ಪನ ಪಕ್ಕಕ್ಕೆ ಬಂದಳು. ಮೂರು ಲೋಟಗಳನ್ನೂ ಅಲ್ಲಿಗೇ ತರಿಸಿದಳು. ರವಿಚಂದ್ರ ಅವರೂ ನಕ್ಕು, "ಮುಂದಿನ ಸಲ ನಾನೂ ಪಂಚೆನೇ ಕಣ್ರೀ" ಎಂದರು.

ಮೊದಲನೆಯದು ಕುಡಿದು ತಲೆ ಆಡಿಸಿದಳು. ಎರಡನೆಯದಕ್ಕೆ ಚೆನ್ನಾಗಿದೆ ಎಂದಳು. ಮೂರನೆಯದು ನಿನ್ನ ಅಟ್ಟದ ಕಾಫಿ. ಒಂದು ಚಮಚ ಬಾಯಿಗೆ ಹಾಕಿದಳು. ಆಮೇಲೆ ಚಮಚ ಬಿಟ್ಟು ಲೋಟವನ್ನೇ ಎತ್ತಿ ಪೂರ್ತಿ ಕುಡಿದು, ಚೀಲದ ಮೇಲೆ ಏನೆಂದು ಬರೆಸಬೇಕು ಎಂದು ಕೇಳಿದಳು. ಅದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. "ಏಕಾಂತಯ್ಯ, ಹಾನುಬಾಳು" ಎಂದರು ಅಪ್ಪ. ಇದಕ್ಕೆ ಇಂಗ್ಲಿಷ್ ಬೇಕಾಗಲಿಲ್ಲ.

ನಿನ್ನ ಕಾಗದವನ್ನು ಅಪ್ಪ ಹೊರಡುವಾಗ ಕೊಟ್ಟರು. ಕೊನೆಯ ಸಾಲು ಓದಿ ಆ ಕೋಣೆಯ ಸ್ಟೂಲಿನ ಮೇಲೆ ಕೂತು ಅತ್ತೆ. ಮಾರನೆಯ ದಿನ ಸಾಹೇಬರು ಕರೆದು, ಎಲ್ಲರ ಮುಂದೆ ಹಾಗೆ ಮಾತಾಡಿದ್ದಕ್ಕೆ ಬೈದರು. ಬೈದು ಮುಗಿಸಿ, ಇನ್ನು ಮುಂದೆ ಪಂಚೆ ಉಟ್ಟು ಬಂದವರನ್ನು ಒಳಗೆ ಕರೆದುಕೊಳ್ಳಿ ಎಂದರು.

ಚಟ್ನಿಪುಡಿ ಮುಗಿದಿದೆ. ಈ ಸಲ ಎರಡು ಡಬ್ಬಿ ಕಳಿಸು.

ನಿನ್ನ ಮಗಳು,
ಶಿವಲೀಲಾ


ಹಾನುಬಾಳು
೯ ಮಾರ್ಚ್ ೧೯೯೯

ಶಿವಲೀಲಾ,

ನಿಮ್ಮವ್ವ ಪೆನ್ನು ಕೈಗೆ ಕೊಟ್ಟು, ಈ ಸಲ ನೀವೇ ಬರೆಯಿರಿ ಎಂದು ಅಡುಗೆಮನೆಗೆ ಹೋಗಿದ್ದಾಳೆ. ಬಾಗಿಲ ಸಂದಿಯಿಂದ ನೋಡುತ್ತಿದ್ದಾಳೆ.

ಚೀಲಗಳು ಬಂದವು. ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇದೆ. ಒಂದನ್ನು ನಡುಮನೆಯ ಗೋಡೆಗೆ ಹೊಡೆದಿದ್ದೇನೆ. ಊರವರು ಬಂದು ಓದಿಕೊಂಡು ಹೋಗುತ್ತಿದ್ದಾರೆ. ನನ್ನ ಕೋಟನ್ನು ತೋಟದ ಬೆರ್ಚಪ್ಪನಿಗೆ ಹಾಕಿದ್ದೇವೆ. ಮಂಗಗಳು ಆ ಕಡೆ ತಲೆ ಹಾಕಿಲ್ಲ, ವಾಸನೆಗೆ ಇರಬೇಕು.

ಕಾಗದ ಬರೆದು ನನಗೆ ಅಭ್ಯಾಸವಿಲ್ಲ. ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಅಷ್ಟು ದೊಡ್ಡ ಬಾಗಿಲಲ್ಲಿ ನೀನು ನಿಂತಿದ್ದ ರೀತಿ ನೋಡಿ ನನ್ನ ಎದೆ ತುಂಬಿತು. ಬಸ್ಸಿನಲ್ಲಿ ವಾಪಸ್ ಬರುವಾಗ ಪಕ್ಕದಲ್ಲಿ ಕೂತವನಿಗೆ, ಗುರುತಿಲ್ಲದವನಿಗೆ, ನನ್ನ ಮಗಳು ಎಂದು ಹೇಳಿಕೊಂಡೆ.

ಹದಿನೆಂಟಕ್ಕೆ ಯುಗಾದಿ. ಸಾಹೇಬರ ಹತ್ತಿರ ರಜೆ ಕೇಳು. ಏನು ಉಟ್ಟುಕೊಂಡು ಬರಲಿ ಎಂದು ನಿಮ್ಮವ್ವನಿಗೆ ಬರೆದು ಕೇಳಬೇಡ. ಅವಳು ಸೀರೆ ಎನ್ನುತ್ತಾಳೆ. ನೀನು ಆ ಕಪ್ಪು ಕೋಟು ಹಾಕಿಕೊಂಡು ಬಾ. ಬಸ್ಸು ಮಹಾದೇವಯ್ಯನವರ ಆನೇಮಹಲ್‌ನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ, ಕಿಟಕಿ ಪಕ್ಕದಲ್ಲೇ ಕೂತಿರು.

ಮನೆಯ ಬಾಗಿಲು ನಾನೇ ತೆಗೆಯುತ್ತೇನೆ.

ನಿನ್ನ ಅಪ್ಪ,
ಏಕಾಂತಯ್ಯ